ಬಟನ್ ಒತ್ತಿದರೆ ಬರೀ ಸೊನ್ನೆ ಬರುತ್ತದೆ, ಯಾಕೆ?

ಪ್ರಶ್ನೆ: ನಮ್ಮ ಓದುಗರ ಬಳಗಕ್ಕೆ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿದ್ದೇನೆ. ಸದಸ್ಯರು ಓದಿದ ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆದು ಬಟನ್ ಒತ್ತಿದರೆ, ಪೇಜ್ ರೀಲೋಡ್ ಆಗದೆ ಅದು ಪೋಸ್ಟ್ ಆಗಬೇಕು. ಅದಕ್ಕೆ ಅಜಾಕ್ಸ್ ಕೋಡ್ ಬರೆದೆ. ನನಗೆ ಸರಿಯಾಗಿ ನಡೆಯುತ್ತದೆ, ಬೇರೆಯವರಿಗೆ ಬರೀ ‘0’ ಬರುತ್ತದೆ. ಏನು ತಪ್ಪಾಗಿದೆ?

ಉತ್ತರ: ಆ ಸೊನ್ನೆ ನನ್ನ ತಲೆಯನ್ನೂ ಸಾಕಷ್ಟು ತಿಂದಿದೆ! ‘ನೀವು ಕಳಿಸಿದ್ದು ಬಂತು, ಆದರೆ ಇಲ್ಲಿ ತಗೊಳ್ಳೋರು ಯಾರೂ ಇಲ್ಲ’ ಅಂತ ಅದರ ಅರ್ಥ. ನೀವು ಅಡ್ಮಿನ್ ಆಗಿ ಲಾಗಿನ್ ಆಗಿರುತ್ತೀರಿ, ಅವರು ಆಗಿರುವುದಿಲ್ಲ, ಅಲ್ವಾ? ಲಾಗಿನ್ ಆದವರಿಗೆ ಒಂದು ಹುಕ್ (ಬಂದದ್ದನ್ನು ನಿಮ್ಮ ಕೋಡಿಗೆ ತಲುಪಿಸುವ ಕೊಂಡಿ), ಆಗದವರಿಗೆ ‘ನೋಪ್ರಿವ್’ ಅನ್ನೋ ಇನ್ನೊಂದು ಹುಕ್. ನೀವು ಮೊದಲನೆಯದನ್ನು ಮಾತ್ರ ಬರೆದಿರಬೇಕು. ಇನ್‌ಕಾಗ್ನಿಟೊ ವಿಂಡೋ ತೆರೆದು ಒತ್ತಿ ನೋಡಿ, ನಿಮಗೂ ಸೊನ್ನೆಯೇ ಬರುತ್ತದೆ.

ಹಾಗಂತ ಸುಮ್ನೆ ನೋಪ್ರಿವ್ ಸೇರಿಸಿಬಿಡಬೇಡಿ. ಯಾರು ಬೇಕಾದರೂ ಪೋಸ್ಟ್ ಹಾಕಬಹುದು ಅಂದರೆ ಮೊದಲು ಬರೋದು ಸ್ಪ್ಯಾಮ್ ಬಾಟ್‌ಗಳು. ಸದಸ್ಯರಿಗೆ ‘ಕಾಂಟ್ರಿಬ್ಯೂಟರ್’ ಅಕೌಂಟ್ ಮಾಡಿಕೊಡಿ. ಅವರು ಬರೆಯಬಹುದು, ಪಬ್ಲಿಷ್ ಮಾಡುವುದು ನಿಮ್ಮ ಕೈಯಲ್ಲಿರುತ್ತದೆ.

ಇಷ್ಟಕ್ಕೆ ಸ್ವಂತ ಅಜಾಕ್ಸ್ ಕೋಡ್ ಬೇಕಾಗಿಯೂ ಇಲ್ಲ. 2016ರ ಡಿಸೆಂಬರ್‌ನಲ್ಲಿ ಬಂದ 4.7ನೇ ಆವೃತ್ತಿಯಿಂದ ಪೋಸ್ಟ್ ಸೇರಿಸುವ ರೆಸ್ಟ್ ಎಪಿಐ (ನಿಮ್ಮ ಕೋಡ್ ವರ್ಡ್‌ಪ್ರೆಸ್ ಜೊತೆ ಮಾತಾಡುವ ದಾರಿ) ವರ್ಡ್‌ಪ್ರೆಸ್ ಒಳಗೇ ಇದೆ. ಜಾವಾಸ್ಕ್ರಿಪ್ಟ್‌ನ ಫೆಚ್‌ನಿಂದ ಶೀರ್ಷಿಕೆ, ಬರಹ ಎರಡನ್ನೂ ಕಳಿಸಿ, ಹೆಡರ್‌ನಲ್ಲಿ ನಾನ್ಸ್ (ಇದು ನಿಮ್ಮ ಸೈಟಿನ ಪೇಜಿನಿಂದಲೇ ಬಂದದ್ದು ಅಂತ ತೋರಿಸಲು ವರ್ಡ್‌ಪ್ರೆಸ್ ಕೊಡುವ ಸಣ್ಣ ಗುಪ್ತ ಸಂಕೇತ) ಇಡಿ. ಸ್ಟೇಟಸ್ ‘ಪೆಂಡಿಂಗ್’ ಅಂತಿರಲಿ; ಕಾಂಟ್ರಿಬ್ಯೂಟರ್ ‘ಪಬ್ಲಿಷ್’ ಅಂತ ಕಳಿಸಿದರೆ 403, ಅಂದರೆ ‘ಅನುಮತಿ ಇಲ್ಲ’ ಅಂತ ಬರುತ್ತದೆ. ಎಲ್ಲ ಸರಿ ಇದ್ದರೆ 201, ಅಂದರೆ ‘ಪೋಸ್ಟ್ ಸೇರಿತು’ ಅಂತ, ಜೊತೆಗೆ ಹೊಸ ಪೋಸ್ಟಿನ ಐಡಿ.

ಸ್ವಂತ ಕೋಡೇ ಬೇಕು ಅಂದರೆ, ಕಳಿಸಿದವರಿಗೆ ಪೋಸ್ಟ್ ಬರೆಯುವ ಅನುಮತಿ ಇದೆಯೇ ಅಂತ ಸರ್ವರ್‌ನಲ್ಲೇ ನೋಡಲೇಬೇಕು. ನಾನ್ಸ್ ಇದ್ದರೆ ಸಾಕು ಅಂದುಕೊಳ್ಳುವವರು ಜಾಸ್ತಿ. ಅದು ಸಿನಿಮಾ ಟಿಕೆಟ್ ಥರ ಅಲ್ಲ. ಬೇರೆ ಯಾವುದೋ ಸೈಟು ಸದಸ್ಯರ ಹೆಸರಿನಲ್ಲಿ ಕದ್ದು ಕಳಿಸುವುದನ್ನು ತಡೆಯುತ್ತದೆ, ಅಷ್ಟೇ. ಅನುಮತಿ ನೋಡುವ ಕಡೆ ವರ್ಡ್‌ಪ್ರೆಸ್‌ನವರೇ ಒಮ್ಮೆ ಎಡವಿದ್ದರು: 4.7.0 ಮತ್ತು 4.7.1ರಲ್ಲಿ ಲಾಗಿನ್ ಇಲ್ಲದೆ ಇದೇ ಎಪಿಐ ಮೂಲಕ ಬೇರೆಯವರ ಪೋಸ್ಟ್ ತಿದ್ದಬಹುದಿತ್ತು. 2017ರ ಜನವರಿಯಲ್ಲಿ 4.7.2 ತಂದು ಸರಿಪಡಿಸಿದರು.

ನಾನ್ಸ್‌ಗೆ ಆಯಸ್ಸೂ ಕಮ್ಮಿ, ಹೆಚ್ಚೆಂದರೆ 24 ಗಂಟೆ. ರಾತ್ರಿ ತೆರೆದಿಟ್ಟ ಟ್ಯಾಬ್‌ನಲ್ಲಿ ಮರುದಿನ ಸಂಜೆ ಒತ್ತಿದರೆ 403 ಬರಬಹುದು. ಸೈಟು ಬೇಗ ತೆರೆಯಲಿ ಅಂತ ಹಾಕುವ ಕ್ಯಾಶೆ ಪ್ಲಗಿನ್ ಪೇಜಿನ ಹಳೆಯ ಪ್ರತಿಯನ್ನೇ ಹಿಡಿದಿಟ್ಟುಕೊಂಡರೂ ಇದೇ ಗತಿ. ಆಗ ಸುಮ್ಮನಿರದೆ ‘ಮತ್ತೆ ಲೋಡ್ ಮಾಡಿ’ ಅಂತ ತೋರಿಸಿ. 201 ಬರುವ ತನಕ ಬಾಕ್ಸ್‌ನಲ್ಲಿರುವ ಬರಹವನ್ನು ಮಾತ್ರ ಅಳಿಸಬೇಡಿ. ಮೊಬೈಲ್‌ನಲ್ಲಿ ಕಷ್ಟಪಟ್ಟು ಕನ್ನಡ ಟೈಪ್ ಮಾಡಿದವರು ಎರಡನೇ ಸಲ ಬರೆಯುವುದಿಲ್ಲ.