ತಿರುಗಿ ಕಚ್ಚಿ ತೋರಿಸುವ ಪಾಠದ ಬಗ್ಗೆ

ಎರಡು ವರ್ಷದ ಮಗ ಮೂರು ತಿಂಗಳ ತಂಗಿಯ ಕೆನ್ನೆ ಚಿವುಟುತ್ತಾನೆ, ತಡೆಯಲು ಹೋದವರ ಕೈ ಕಚ್ಚುತ್ತಾನೆ, ನೋವು ಗೊತ್ತಾಗಲೆಂದು ಅಜ್ಜಿ ಅವನಿಗೂ ಒಮ್ಮೆ ಕಚ್ಚಿ ತೋರಿಸಿದ್ದಾರೆ ಎಂದು ತಾವು ಬರೆದಿದ್ದೀರಿ. ಇದೇ ಪಾಠ ನಮ್ಮ ಮನೆಯಲ್ಲೂ ನಡೆದು ಕಚ್ಚುವುದು ಇನ್ನಷ್ಟು ಹೆಚ್ಚಿದ್ದರಿಂದ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಯಾರನ್ನು ನೋಡಿ ಕಲಿತನೆಂಬ ಹುಡುಕಾಟವನ್ನು ಮೊದಲು ಬಿಡಿ; ಈ ವಯಸ್ಸಿನ ಹೆಚ್ಚಿನ ಮಕ್ಕಳಲ್ಲಿ ಇದು ಕಾಣುವಂಥದ್ದೇ. ಕೆನಡಾದ ಕ್ವಿಬೆಕ್‌ನಲ್ಲಿ ಮಕ್ಕಳ ನಡವಳಿಕೆಯ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ಮತ್ತು ಸಂಗಡಿಗರು 572 ಕುಟುಂಬಗಳ ಮಕ್ಕಳನ್ನು 17ರಿಂದ 42 ತಿಂಗಳ ವಯಸ್ಸಿನವರೆಗೆ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಡೆಯುವುದು ಕಚ್ಚುವುದು ಬಹುತೇಕ ಇಲ್ಲದ ಮಕ್ಕಳು ಸುಮಾರು ಶೇ. 28 ಮಾತ್ರ, ಶೇ. 58ರಷ್ಟು ಮಕ್ಕಳಲ್ಲಿ ಅದು ಸಾಧಾರಣ ಮಟ್ಟದಲ್ಲಿ, ಶೇ. 14ರಷ್ಟು ಮಕ್ಕಳಲ್ಲಿ ತೀವ್ರ ಮಟ್ಟದಲ್ಲಿ ಏರುತ್ತ ಹೋಗಿತ್ತು. ಈ ಕೊನೆಯ ಗುಂಪಿಗೆ ಸೇರುವ ಸಂಭವ ಹೆಚ್ಚಿಸಿದ ಅಂಶಗಳಲ್ಲಿ ಮನೆಯಲ್ಲಿ ಬೇರೆ ಚಿಕ್ಕ ಮಕ್ಕಳಿರುವುದು, ಕಡಿಮೆ ಆದಾಯ, ತಾಯಿ ಎಳೆಯ ವಯಸ್ಸಿನಲ್ಲೇ ಹೆತ್ತಿರುವುದು, ಬಸುರಿನಲ್ಲಿ ಧೂಮಪಾನ, ಮಗು ಐದು ತಿಂಗಳಿದ್ದಾಗಲೇ ಕಾಣುವ ಗದರಿಕೆ ಏಟುಗಳ ಪಾಲನೆ ಮತ್ತು ಮನೆಯೊಳಗಿನ ಹೊಂದಾಣಿಕೆಯ ಕೊರತೆ ಇದ್ದವು. ಇವು ಸಂಭವದ ಲೆಕ್ಕವೇ ಹೊರತು ಮಗುವಿನ ಜಾತಕವಲ್ಲ; ಸೊಸೆಯ ಮೇಲೆ ತಪ್ಪು ಹೊರಿಸಲು ಯಾರೂ ಈ ಪಟ್ಟಿಯನ್ನು ಎತ್ತಿಕೊಳ್ಳಬೇಡಿ. ಕೊನೆಯ ಎರಡನ್ನು ತಿದ್ದಿಕೊಳ್ಳಲು ಮಾತ್ರ ಇಂದೇ ಶುರು ಮಾಡಬಹುದು.

ನಮಗೆ ಫಲ ಕೊಟ್ಟದ್ದು ಅಡುಗೆಮನೆಯ ಕ್ಯಾಲೆಂಡರ್. ಹಾಲಿನ ಲೆಕ್ಕ ಬರೆಯುವ ಅದೇ ಚೌಕದಲ್ಲಿ, ನಮ್ಮ ಹುಡುಗ ಎಷ್ಟು ಹೊತ್ತಿಗೆ ಹೊಡೆದ, ಯಾರಿಗೆ ಹೊಡೆದ, ಅದಕ್ಕೆ ಮುಂಚೆ ಏನು ನಡೆದಿತ್ತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಬಂದಾಗ, ಹೆಚ್ಚಿನವು ಮಧ್ಯಾಹ್ನದ ಊಟ ತಡವಾದಾಗ ಇಲ್ಲವೇ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ, ಅಂದರೆ ಹೆಂಗಸರೆಲ್ಲ ಬಚ್ಚಲಲ್ಲಿದ್ದು ಅವನನ್ನು ಕೇಳುವವರೇ ಇಲ್ಲದಾಗ ಆಗಿದ್ದವು. ಊಟವನ್ನು ಅರ್ಧ ಗಂಟೆ ಮುಂಚೆ ಮಾಡಿ, ಟವೆಲ್ ಹಿಡಿದು ನಿಲ್ಲುವ ಕೆಲಸವನ್ನು ಅವನಿಗೇ ವಹಿಸಿದ ಮೇಲೆ ಗುರುತುಗಳು ವಿರಳವಾದವು. ದಯವಿಟ್ಟು ದಿನವಿಡೀ ಹೊಡೆಯುತ್ತಾನೆ ಎಂದು ದೂರುವುದನ್ನು ಬಿಟ್ಟು ಹೊತ್ತು ಬರೆದಿಡಿ.

ಕೈ ಎತ್ತಿದಾಗ ಆ ಕೈಯನ್ನು ಮೆಲ್ಲಗೆ ಹಿಡಿದು, "ಹೊಡೆಯೋ ಹಾಗಿಲ್ಲ" ಎಂದಷ್ಟೇ ಹೇಳಿ, ಪೆಟ್ಟು ತಿಂದ ಕೂಸನ್ನು ಮೊದಲು ಎತ್ತಿಕೊಳ್ಳಿ. ಪಕ್ಕದಲ್ಲಿ ಕುಳಿತು "ಭೇಷ್, ಗಂಡು!" ಎಂದು ನಗುವ ಸೋದರಮಾವಂದಿರನ್ನು ಗದರಿಸಲು ಹಿಂಜರಿಯಬೇಡಿ. ಮಗನನ್ನೂ ಕೂಸನ್ನೂ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಟ್ಟು ಹೋಗಲೂಬೇಡಿ.

ಸಿಟ್ಟು ತೀರಿಸಿಕೊಳ್ಳಲು ಗುದ್ದುವ ಬೊಂಬೆ ಕೊಡಿಸಿ ಎಂದು ತಮಗೆ ಉತ್ತರಿಸಿದ ಇನ್ನೊಬ್ಬರು ಹೇಳಿದ್ದಾರೆ. ದುಡ್ಡು ಕೊಟ್ಟು ಗುದ್ದುವ ಅಭ್ಯಾಸ ಮಾಡಿಸುವುದು ನನಗೆ ಸರಿಕಾಣದು. ಪ್ಲೇ-ಡೋ ಎಂಬ ಆಟದ ಹಿಟ್ಟು ಕೆಟ್ಟದ್ದಲ್ಲ, ಆದರೆ ತಾವು ಲಟ್ಟಿಸುವಾಗ ಪಕ್ಕದಲ್ಲೇ ಕುಳಿತು ನಾದಲು ಕೊಡುವ ಚಪಾತಿ ಹಿಟ್ಟಿನ ಉಂಡೆ ನನ್ನ ಮಟ್ಟಿಗೆ ಅದಕ್ಕಿಂತ ಮೇಲು.

ಎರಡು ತುಂಬಿದರೂ ಎರಡು ಪದ ಜೋಡಿಸಿ ಮಾತನಾಡದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದಕ್ಕೆ ವ್ಯವಸ್ಥೆಯಿದೆ. ತಮಗೇ ನಿದ್ದೆಯಿಲ್ಲದೆ ಸುಮ್ಮನೆ ಅಳು ಬರುತ್ತಿದ್ದರೆ ಬಾಣಂತನದಲ್ಲಿ ಹೀಗೇ ಎಂದು ತಳ್ಳಿಹಾಕದೆ ತಾವೂ ವೈದ್ಯರನ್ನು ಕಾಣಬೇಕು. ಕಚ್ಚಿದಲ್ಲಿ ಚರ್ಮ ಹರಿದಿದ್ದರೆ ಅರಿಶಿನ ಮೆತ್ತದೆ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ತೋರಿಸಿ, ಏಕೆಂದರೆ ಮನುಷ್ಯರ ಹಲ್ಲಿನ ಗಾಯವೂ ಕೀವಾಗುತ್ತದೆ.