ಮೆರಿದಾದಲ್ಲಿ ತಿಂದ ಕೊಚಿನಿತಾ ಪಿಬಿಲ್

ಮೆಕ್ಸಿಕೊದ ಊರಹೋಟೆಲುಗಳಲ್ಲಿ ತಿಂದ ಹಂದಿಮಾಂಸದ ಅಡುಗೆಗಳಲ್ಲಿ ಮರೆಯಲಾಗದ್ದು ಯಾವುದು ಎಂದು ಕೇಳಿದ್ದೀರಿ. ಯೋಚಿಸುವ ಕೆಲಸವೇ ಇಲ್ಲ. ಯುಕಟಾನ್ ರಾಜ್ಯದ ಮೆರಿದಾದಲ್ಲಿ ತಿಂದ ಕೊಚಿನಿತಾ ಪಿಬಿಲ್.

ನಾನು ಮಡಿಕೇರಿ ಕಡೆಯವನು. ಹಂದಿಮಾಂಸ ಅಂದರೆ ಪಂದಿಕರಿ, ಅದರ ಬಣ್ಣ ಕಪ್ಪು ಅಂತಲೇ ತಿಳಿದು ಬೆಳೆದವನು. ಅಲ್ಲಿ ತಟ್ಟೆಗೆ ಬಂದದ್ದು ಕೇಸರಿ ಬಣ್ಣದ, ಎಳೆ ಎಳೆಯಾಗಿ ಬಿಟ್ಟುಕೊಂಡ ಮಾಂಸ. ಅದೂ ಭಾನುವಾರ ಬೆಳಗ್ಗೆ ಎಂಟೂವರೆಗೆ! ಅಲ್ಲಿನವರಿಗೆ ಇದು ತಿಂಡಿ. ತಡವಾಗಿ ಹೋದರೆ ಪಾತ್ರೆ ಖಾಲಿ.

ಆ ಬಣ್ಣ ಮೆಣಸಿನಕಾಯಿಯದಲ್ಲ, ಅಚಿಯೋಟೆ ಬೀಜದ್ದು. ಬೆಣ್ಣೆ, ಚೀಸ್‌ಗೆ ಬಣ್ಣ ಬರಲು ಹಾಕುತ್ತಾರಲ್ಲ, ಅದೇ. ಅದನ್ನು ಬೆಳ್ಳುಳ್ಳಿ, ಕಾಳುಮೆಣಸು, ಜೀರಿಗೆ, ಲವಂಗದ ಜೊತೆ ಅರೆದು, ಹುಳಿ ಕಿತ್ತಳೆಯ ರಸದಲ್ಲಿ ಕದಡಿ, ಮಾಂಸಕ್ಕೆ ಹಚ್ಚಿ ನೆನೆಯಲು ಬಿಡುತ್ತಾರೆ. ಆಮೇಲೆ ಬೆಂಕಿಯಲ್ಲಿ ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ, ಕಾದ ಕಲ್ಲು ಹಾಸಿದ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಭಾಷೆಯಲ್ಲಿ ಈ ನೆಲದೊಲೆಗೆ ಪೀಬ್ ಎಂದು ಹೆಸರು. ಪಿಬಿಲ್ ಅನ್ನುವುದು ಅದರಿಂದ ಬಂದದ್ದು. ತಮಾಷೆ ನೋಡಿ, ಹಂದಿ, ಕಿತ್ತಳೆ, ಬಾಳೆ ಮೂರನ್ನೂ ಆ ನಾಡಿಗೆ ತಂದವರು ಸ್ಪೇನಿನವರು. ಗುಂಡಿ ಮಾತ್ರ ಮಾಯಾ ಜನರದ್ದೇ. ಮೊದಲು ಅದರಲ್ಲಿ ಬೇಯುತ್ತಿದ್ದದ್ದು ಜಿಂಕೆ, ಟರ್ಕಿ ಕೋಳಿ.

ನನ್ನನ್ನು ಹಿಡಿದದ್ದು ಅದರ ಹುಳಿ. ನಮ್ಮ ಪಂದಿಕರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿರಸ ಬೀಳುವುದು ಕೊನೆಗೆ. ಒಂದು ತೊಟ್ಟು ಜಾಸ್ತಿಯಾದರೂ ಗೊತ್ತಾಗಿಬಿಡುತ್ತದೆ. ಇಲ್ಲಿ ಹುಳಿ ಮೊದಲೇ ಮಾಂಸದೊಳಗೆ ಹೋಗಿ, ಕೊಬ್ಬಿನ ಜೊತೆ ಗಂಟೆಗಟ್ಟಲೆ ಬೆಂದು ಸೌಮ್ಯವಾಗಿತ್ತು. ನುಂಗಿದ ಮೇಲೆ ಹೇರಳೆಕಾಯಿ ಸಿಪ್ಪೆಯಂಥ ಒಂದು ಸಣ್ಣ ಕಹಿ. ಬಾಳೆ ಎಲೆಯ ವಾಸನೆಯಂತೂ ಯಾರೋ ಪರಿಚಯದವರು ಸಿಕ್ಕ ಹಾಗೆ.

ಖಾರ ಮಾತ್ರ ಇಲ್ಲ. ಕೊಡಗಿನವನಿಗೆ ಇದೆಂಥದ್ದು ಅಂತ ಪಕ್ಕದ ಬಟ್ಟಲಿನಿಂದ ಚಮಚ ತುಂಬಾ ಚಟ್ನಿ ಹಾಕಿಕೊಂಡೆ. ಅದು ಶ್ನಿಪೆಕ್, ಹಬನೇರೊ ಮೆಣಸಿನಕಾಯಿಯದು. ಹೆಸರಿನ ಅರ್ಥ ನಾಯಿಯ ಮೂಗು. ಯಾಕೆ ಆ ಹೆಸರು ಅಂತ ಅರ್ಧ ನಿಮಿಷದಲ್ಲಿ ತಿಳಿಯಿತು. ಕಣ್ಣು ಮೂಗು ಎರಡೂ ಸುರಿಯತೊಡಗಿದವು. ಬಡಿಸುತ್ತಿದ್ದ ಹೆಂಗಸು ನಗುತ್ತಲೇ ಇನ್ನೆರಡು ಬಿಸಿ ತೋರ್ತಿಯಾ (ಮೆಕ್ಕೆಜೋಳದ ತೆಳು ರೊಟ್ಟಿ), ಒಂದಿಷ್ಟು ಹುಳಿಯಲ್ಲಿ ನೆನೆಸಿದ ಗುಲಾಬಿ ಈರುಳ್ಳಿ ತಂದಿಟ್ಟರು. ಆ ಈರುಳ್ಳಿ ಬಿಟ್ಟು ಇದನ್ನು ತಿನ್ನಲೇಬೇಡಿ.

ನೀವು ಹೋಗುವುದಾದರೆ ಒಂದು ಮಾತು. ಈಗ ತುಂಬಾ ಕಡೆ ಓವನ್‌ನಲ್ಲೇ ಬೇಯಿಸುತ್ತಾರೆ. ಅದೂ ಕೆಟ್ಟದ್ದೇನಲ್ಲ, ಆದರೆ ಹೊಗೆಯ ಘಮ ಬರುವುದಿಲ್ಲ. "ಎಂತೆರ್ರಾದಾ", ಅಂದರೆ ಹೂತಿಟ್ಟು ಬೇಯಿಸಿದ್ದು, ಇದೆಯಾ ಎಂದು ಕೇಳಿ. ಬಿಳಿ ಅಂಗಿ ಹಾಕಿಕೊಂಡು ಮಾತ್ರ ಹೋಗಬೇಡಿ. ನನ್ನದರ ಮೇಲೆ ಆ ಕೇಸರಿ ಕಲೆ ಇನ್ನೂ ಇದೆ.