ರೋಸ್ಟರ್ ಆಮೇಲೆ ನೋಡೋಣ, ಕಾಫಿ ಬೀಜ ಎಲ್ಲಿಡ್ತೀರಿ ಅದನ್ನು ಮೊದಲು ಹೇಳಿ

ಪುಣೆಯಲ್ಲಿದ್ದುಕೊಂಡು ಚಿಕ್ಕಮಗಳೂರಿನ ನಿಮ್ಮ ಮನೆ ತೋಟದ ಅರೇಬಿಕಾ ಕಾಫಿ ಒಂದನ್ನೇ ಹುರಿದು ಮಾರಬೇಕು, 1 ಕೆಜಿ ರೋಸ್ಟರ್ (ಹುರಿಯುವ ಮಷೀನ್) ಸಾಕಾ 5 ಕೆಜಿಯದು ಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. 2019ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕಂಡಕಂಡವರನ್ನೆಲ್ಲ ಕೇಳುತ್ತಿದ್ದೆ. ನಿಮ್ಮದು ಪುಣೆ, ನನ್ನದು ಮುಂಬೈ ಪಕ್ಕದ ಡೊಂಬಿವಲಿ, ಅಷ್ಟೇ ವ್ಯತ್ಯಾಸ.

ನಮ್ಮ ತೋಟ ಬಾಬಾಬುಡನ್‌ಗಿರಿ ಸಾಲಿನ ಬದಿಯಲ್ಲಿದೆ, ಸುಮಾರು 3,800 ಅಡಿ ಎತ್ತರದಲ್ಲಿ. ಗಿಡ ಜಾಸ್ತಿ ಎಸ್. 795 ಅನ್ನುವ ಅರೇಬಿಕಾ ತಳಿ, ನೆರಳಿಗೆ ಸಿಲ್ವರ್ ಓಕ್, ಅದರ ಮೇಲೆ ಮೆಣಸು. ತೋಟ ನೋಡಿಕೊಳ್ಳುವುದು ಅಪ್ಪ ಮತ್ತು ಅಣ್ಣ. ನಾನು ಇಲ್ಲಿ ಕೆಲಸದಲ್ಲಿರುವವನು. ಆ ವರ್ಷ ಬಾಬಾಬುಡನ್‌ಗಿರಿ ಅರೇಬಿಕಾಗೆ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಮಾನ್ಯತೆ) ಸಿಕ್ಕಿತು. ನಮ್ಮ ಬೆಟ್ಟದ ಹೆಸರು ಹಾಕಿ ನಮ್ಮದೇ ಕಾಫಿಯನ್ನು ಮುಂಬೈಯಲ್ಲಿ ಮಾರಬೇಕು ಅನ್ನುವ ಆಸೆ ಆಗಲೇ ಗಟ್ಟಿಯಾಗಿದ್ದು.

ಕೊಯ್ಲಿಗೆ ರಜೆ ಹಾಕಿ ಹೋಗಿದ್ದೆ. ಕೆಂಪಗೆ ಹಣ್ಣಾದದ್ದನ್ನು ಮಾತ್ರ, ಮೂರು ಸುತ್ತಿನಲ್ಲಿ ಕೊಯ್ಯಿಸಿದೆವು. ನೀರಿಗೆ ಹಾಕಿ, ತೇಲಿದ ಜೊಳ್ಳು ತೆಗೆದು, ಅದೇ ಸಂಜೆ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ಗೆ ಕೊಟ್ಟೆವು. ಲೋಳೆ ಬಿಡಲಿ ಅಂತ ತೊಟ್ಟಿಯಲ್ಲಿ 30 ಗಂಟೆ ಇಟ್ಟೆವು, ಯಾಕೆಂದರೆ ಬೆಟ್ಟದ ಚಳಿಗೆ ಒಂದು ದಿನದಲ್ಲಿ ಬಿಡುವುದಿಲ್ಲ. ತೊಳೆದ ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಉಜ್ಜಿದರೆ ಜಾರಬಾರದು, ಮರಳು ಉಜ್ಜಿದ ಹಾಗೆ ಸದ್ದು ಬರಬೇಕು. ಆಮೇಲೆ ಬಲೆಯ ಮಂಚದ ಮೇಲೆ ತೆಳುವಾಗಿ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಮಧ್ಯಾಹ್ನದ ಸುಡುಬಿಸಿಲಿಗೂ ರಾತ್ರಿಯ ಇಬ್ಬನಿಗೂ ಮುಚ್ಚಿ ಹತ್ತು ದಿನ ಒಣಗಿಸಿದೆವು. ತೇವ ಶೇ. 10.5ಕ್ಕೆ ಬಂತು. 50 ಕೆಜಿಯ 12 ಮೂಟೆ, ಒಟ್ಟು 600 ಕೆಜಿ ಪಾರ್ಚ್‌ಮೆಂಟ್ ಆಯಿತು. ಅದರ ಹಿಂದೆ ಮೂರು ಟನ್ ಹತ್ತಿರ ಹಣ್ಣು ಇತ್ತು, ಒಂದೊಂದೂ ಕೈಯಲ್ಲಿ ಆರಿಸಿ ಕೊಯ್ದದ್ದು.

ತಪ್ಪು ಆಗಿದ್ದು ಇಲ್ಲಿಂದ ಮುಂದೆ. ಸ್ವಲ್ಪ ಉದ್ದ ಆದರೂ ಬಿಡಿಸಿ ಹೇಳುತ್ತೇನೆ.

ಪಾರ್ಚ್‌ಮೆಂಟ್ ಅಂದರೆ ಒಣ ಹೊಟ್ಟು ಇನ್ನೂ ಮೇಲಿರುವ ಕಾಫಿ ಬೀಜ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಆ ಹೊಟ್ಟು ತೆಗೆದು, ಬೀಜವನ್ನು ಗಾತ್ರದ ಮೇಲೆ ವಿಂಗಡಿಸುತ್ತಾರೆ. 50 ಕೆಜಿ ಪಾರ್ಚ್‌ಮೆಂಟ್‌ಗೆ ಹೆಚ್ಚುಕಡಿಮೆ 40 ಕೆಜಿ ಹಸಿರು ಬೀಜ, ಅಂದರೆ ಹೊಟ್ಟು ತೆಗೆದ, ಇನ್ನೂ ಹುರಿಯದ ಬೀಜ ಬರುತ್ತದೆ. ನಾನು ಲೆಕ್ಕ ಹಾಕಿದೆ. ಮುಂಬೈಗೆ 600 ಕೆಜಿ ಸಾಗಿಸುವ ಬದಲು 480 ಕೆಜಿ ಸಾಗಿಸಿದರೆ ಸಾಕು, 120 ಕೆಜಿ ಹೊಟ್ಟಿಗೆ ಯಾಕೆ ಲಾರಿ ಬಾಡಿಗೆ ಕೊಡಬೇಕು? ಅಷ್ಟೂ ಒಂದೇ ಸಲಕ್ಕೆ ಹೊಟ್ಟು ತೆಗೆಸಿದರೆ ಕ್ಯೂರಿಂಗ್ ಕೆಲಸವೂ ಒಂದೇ ಸಲಕ್ಕೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ 480 ಕೆಜಿ ಹಸಿರು ಬೀಜವನ್ನು ಮಾಮೂಲಿ ಗೋಣಿಚೀಲದಲ್ಲಿ ತುಂಬಿಸಿ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆಗೆ ಹಿಡಿದಿದ್ದ ಸಣ್ಣ ಗಾಲಾದಲ್ಲಿ (ಶೆಡ್ಡಿನಂಥ ಮಳಿಗೆ) ಇಳಿಸಿದೆ. ಕೆಳಗೆ ಮರದ ಹಲಗೆ ಹಾಕಿದ್ದೆ. ಗೋಡೆಗೆ ತಾಗದ ಹಾಗೆ ಒಂದಡಿ ಜಾಗ ಬಿಟ್ಟಿದ್ದೆ. ಅಷ್ಟು ಮಾಡಿದರೆ ಸಾಕು ಅಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಹುರಿದ ಕಾಫಿಯನ್ನು ಕುಡಿದವರು ಇನ್ನೂ ನೆನಪಿಸಿಕೊಳ್ಳುತ್ತಾರೆ. ಕಿತ್ತಳೆಯಂಥ ತೆಳು ಹುಳಿ, ಕೊನೆಗೆ ಬೆಲ್ಲದ ಸಿಹಿ. ಮುಂಬೈಯ ಮಾಟುಂಗಾದಲ್ಲಿ ಮೂವತ್ತು ವರ್ಷದಿಂದ ಫಿಲ್ಟರ್ ಕಾಫಿ ಕುಡಿಯುತ್ತಿದ್ದ ಒಬ್ಬ ಹಿರಿಯರು ಹಾಲು ಹಾಕದೆ ಎರಡನೇ ಲೋಟ ಕೇಳಿದರು. ಜೂನ್ ಮುಗಿಯುವಷ್ಟರಲ್ಲಿ 90 ಕೆಜಿ ಹುರಿದಿದ್ದೆ.

ಜುಲೈ ಎರಡನೇ ವಾರ ಅದೇ ಹಿರಿಯರು ಫೋನ್ ಮಾಡಿ, "ಏನಪ್ಪಾ, ಈ ಸಲ ಕಾಫಿಗೆ ಗೋಣಿ ವಾಸನೆ ಬರ್ತಿದೆ" ಅಂದರು. ನಾನು ರೋಸ್ಟರ್ ಮೇಲೆ ಅನುಮಾನಪಟ್ಟೆ. ಶಾಖ ಹೆಚ್ಚಿಸಿದೆ, ಕಡಿಮೆ ಮಾಡಿದೆ, ಹೊತ್ತು ಬದಲಿಸಿದೆ. 200 ಡಿಗ್ರಿ ಆಸುಪಾಸಿನಲ್ಲಿ ಚಟಪಟ ಅಂತ ಜೋರಾಗಿ ಕೇಳಬೇಕಾದ ಮೊದಲ ಕ್ರ್ಯಾಕ್ (ಬೀಜ ಬಿರಿಯುವ ಸದ್ದು) ಮಂಕಾಗಿ ಕೇಳುತ್ತಿತ್ತು. ಹೊರಗೆ ಬಣ್ಣ ಬಂದರೂ ಒಳಗೆ ಹಸಿ. ಎರಡು ವಾರ ಹೀಗೇ ಹೋಯಿತು. ಕೊನೆಗೆ ಅಪ್ಪನಿಗೆ ಫೋನ್ ಮಾಡಿದೆ. ಅವರು ಮಷೀನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಹಸಿ ಬೀಜ ಒಂದು ಹಲ್ಲಲ್ಲಿ ಕಚ್ಚಿ ನೋಡು" ಅಂದರು.

ಕಚ್ಚಿದೆ. ಒಣಗಿದ ಬೀಜ ಟಕ್ ಅಂತ ಒಡೆಯಬೇಕು, ಇಲ್ಲವಾದರೆ ಹಲ್ಲಿಗೆ ಜಗ್ಗಲೇಬಾರದು. ನನ್ನ ಬೀಜದ ಮೇಲೆ ಹಲ್ಲಿನ ಗುರುತು ಬಿತ್ತು, ಹಸಿ ಕಡಲೆಕಾಯಿ ಕಚ್ಚಿದ ಹಾಗೆ. ಟಾರ್ಚ್ ಹಾಕಿ ನೋಡಿದರೆ ಏಪ್ರಿಲ್‌ನಲ್ಲಿ ನೀಲಿ ಮಿಶ್ರಿತ ಹಸಿರಾಗಿದ್ದ ಬೀಜ ಅಂಚಿನಲ್ಲೆಲ್ಲ ಬಿಳಿಚಿಕೊಂಡು ಊದಿತ್ತು. ಮೀಟರ್ ತಂದು ನೋಡಿದೆ, ತೇವ ಶೇ. 14 ದಾಟಿತ್ತು. ಅಪ್ಪ ಅಂದಿದ್ದು ಒಂದೇ ಮಾತು: "ಭತ್ತನೆಲ್ಲ ಒಂದೇ ಸಲ ಅಕ್ಕಿ ಮಾಡಿಸಿ ಇಡ್ತಾರೇನೋ?"

ನಮ್ಮ ಅಜ್ಜಿ ಪಣತದಲ್ಲಿ ಭತ್ತ ತುಂಬಿಟ್ಟು, ತಿಂಗಳಿಗೆ ಬೇಕಾದಷ್ಟನ್ನೇ ಮಿಲ್ಲಿಗೆ ಕಳಿಸುತ್ತಿದ್ದರು. ಕಾಫಿಗೂ ಅದೇ ಲೆಕ್ಕ. ಹಸಿರು ಬೀಜ ಸುತ್ತಲಿನ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮುಂಬೈ ಮಳೆಗಾಲದಲ್ಲಿ ಗಾಳಿಯ ಆರ್ದ್ರತೆ ಹೆಚ್ಚಾಗಿ ಶೇ. 80ರ ಮೇಲಿರುತ್ತದೆ. ಗೋಣಿಚೀಲ ಅದನ್ನು ತಡೆಯುವುದಿಲ್ಲ, ಜೊತೆಗೆ ತನ್ನ ವಾಸನೆಯನ್ನೂ ಸೇರಿಸುತ್ತದೆ. ಹೊಟ್ಟು ಇದ್ದಿದ್ದರೆ ತೇವ ಒಳಗಿಳಿಯುವುದು ನಿಧಾನ ಆಗುತ್ತಿತ್ತು. ನಾನು ಬಾಡಿಗೆ ಉಳಿಸಲು ತೆಗೆಸಿದ್ದು ಆ ಹೊಟ್ಟನ್ನೇ. ತೇವ ಕುಡಿದ ಬೀಜವನ್ನು ಮತ್ತೆ ಬಿಸಿಲಿಗೆ ಹಾಕಿ ಒಣಗಿಸಬಹುದು, ಹೋದ ರುಚಿ ಮಾತ್ರ ಬರುವುದಿಲ್ಲ. ನಾನು ಆಗಸ್ಟ್‌ನಲ್ಲಿ ಅದನ್ನೂ ಮಾಡಿ ನೋಡಿದೆ.

"ಹಾಗಾದರೆ ಮಾನ್ಸೂನ್ಡ್ ಮಲಬಾರ್ ಅಂತ ಮಾರ್ತಾರಲ್ಲ" ಅಂತ ಆಗ ಒಬ್ಬರು ಸಮಾಧಾನ ಹೇಳಿದರು. ಅದು ಬೇರೆ, ಬೇಕೆಂತಲೇ ತೇವ ಕುಡಿಸುವ ಕಾಫಿ. ಹಿಂದೆ ಹಾಯಿಹಡಗು ಆಫ್ರಿಕಾ ಸುತ್ತಿಕೊಂಡು ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ದಾರಿಯಲ್ಲಿ ಬೀಜ ಕಡಲಿನ ತೇವ ಕುಡಿದು ಹಳದಿಯಾಗುತ್ತಿತ್ತು, ಅಲ್ಲಿಯವರಿಗೆ ಆ ರುಚಿಯೇ ರೂಢಿಯಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪ್ರಯಾಣ ಚಿಕ್ಕದಾಯಿತು. ಹಳೇ ರುಚಿ ಬೇಕು ಅನ್ನುವವರಿಗೆ ಈಗ ಮಂಗಳೂರು ಕಡೆಯ ಗೋದಾಮುಗಳಲ್ಲಿ ಬೇಕೆಂತಲೇ ಮಳೆಗಾಳಿಗೆ ಬೀಜ ಹರಡುತ್ತಾರೆ. ಅದಕ್ಕೆ ಹಣ್ಣಿನ ಸಮೇತ ಒಣಗಿಸಿದ ಚೆರ್ರಿ ಕಾಫಿ ಆರಿಸಿಕೊಳ್ಳುತ್ತಾರೆ, ದಿನವೂ ಕೈಯಾಡಿಸುತ್ತಾರೆ, ಚೀಲ ಬದಲಿಸುತ್ತಾರೆ. ಅದು ಒಂದು ಕಸುಬು. ತೊಳೆದು ಒಣಗಿಸಿದ ಬೆಟ್ಟದ ಅರೇಬಿಕಾದಲ್ಲಿ ನಮಗೆ ಬೇಕಾದದ್ದು ಆ ತೆಳು ಹುಳಿ. ತೇವ ಮೊದಲು ತಿನ್ನುವುದೇ ಅದನ್ನು.

ಉಳಿದ ಬೀಜವನ್ನೆಲ್ಲ ಚಿಕೋರಿ ಬೆರೆಸಿ ಮಾರುವ ಒಂದು ಅಂಗಡಿಗೆ ಕೊಟ್ಟೆ. ತೋಟದಲ್ಲೇ ಪಾರ್ಚ್‌ಮೆಂಟ್ ಮಾರಿದ್ದರೆ ಬರುತ್ತಿದ್ದ ದುಡ್ಡಿನ ಅರ್ಧವೂ ಬರಲಿಲ್ಲ. ಆ ಮೂಟೆಗಳನ್ನು ಟೆಂಪೋಗೆ ಏರಿಸುವಾಗ ಕೊಯ್ಲಿನ ಹೆಂಗಸರ ಕೈ ನೆನಪಾಗಿ ತುಂಬಾ ಸಂಕಟ ಆಯಿತು.

ಪುಣೆ ಘಟ್ಟದ ಮೇಲಿದೆ, ಮುಂಬೈ ಥರ ಅಲ್ಲ ಅಂತ ನೀವು ಹೇಳಬಹುದು. ಜುಲೈನಲ್ಲಿ ನಿಮ್ಮ ಮನೆಯ ಉಪ್ಪಿನ ಡಬ್ಬಿ ತೆಗೆದು ನೋಡಿ, ಗೊತ್ತಾಗುತ್ತೆ. ಹಾಗಂತ ಪಾರ್ಚ್‌ಮೆಂಟನ್ನು ತೋಟದಲ್ಲೂ ಬಿಡಬೇಡಿ. ಮಲೆನಾಡಿನ ಮಳೆಗೆ ಅಲ್ಲೂ ಒದ್ದೆಯೇ. ನಾವು ಈಗ ಹಾಸನದಲ್ಲಿ, ಮಳೆ ಕಡಿಮೆ ಇರುವ ಕಡೆ ಒಂದು ಗೋದಾಮಿನಲ್ಲಿ ಇಟ್ಟಿದ್ದೇವೆ. ಎರಡು ತಿಂಗಳಿಗೊಮ್ಮೆ ಬೇಕಾದಷ್ಟಕ್ಕೇ ಹೊಟ್ಟು ತೆಗೆಸಿ, ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲದಲ್ಲಿ ಬಿಗಿದು ತರಿಸುತ್ತೇವೆ. ಸಣ್ಣ ಲಾಟ್ ಮಾಡಿಕೊಡಲು ಕ್ಯೂರಿಂಗ್‌ನವರು ಸುಲಭಕ್ಕೆ ಒಪ್ಪುವುದಿಲ್ಲ, ಅದಕ್ಕೆ ಎರಡು ರೂಪಾಯಿ ಜಾಸ್ತಿ ಕೊಡಿ. ಲಾರಿ ಬಾಡಿಗೆಯೂ ಜಾಸ್ತಿ ಆಗುತ್ತೆ. ಆಗಲಿ.

ರೋಸ್ಟರ್ ವಿಷಯಕ್ಕೆ ಬಂದರೆ, ಮೊದಲ ವರ್ಷ ಕೊಳ್ಳಲೇಬೇಡಿ. ಪುಣೆಯಲ್ಲೇ ಸ್ವಂತ ಮಷೀನ್ ಇಟ್ಟುಕೊಂಡವರಿದ್ದಾರೆ, ಕೆಜಿಗೆ ಇಷ್ಟು ಅಂತ ತಗೊಂಡು ಹುರಿದುಕೊಡುತ್ತಾರೆ. ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ. ನಾನು ನನ್ನ 1 ಕೆಜಿ ಮಷೀನ್ ಮಾರಿ ಈಗ ನವಿ ಮುಂಬೈಯಲ್ಲಿ ಹಾಗೇ ಮಾಡುತ್ತೇನೆ. ಹುರಿದಾಗ ತೂಕ ಶೇ. 15ರಷ್ಟು ಇಳಿಯುತ್ತದೆ, ಬೆಲೆ ಹಾಕುವಾಗ ಇದನ್ನು ಮರೆಯಬೇಡಿ. ಎಫ್‌ಎಸ್‌ಎಸ್‌ಎಐ ನೋಂದಣಿ (ಆಹಾರ ಮಾರುವವರಿಗೆ ಬೇಕಾದದ್ದು) ಮಾಡಿಸಿಕೊಳ್ಳಿ. ಫ್ಲ್ಯಾಟಿನಲ್ಲಿ ಹುರಿಯುವ ಯೋಚನೆ ಇದ್ದರೆ ಬಿಡಿ, ಹೊಗೆಗೆ ಸೊಸೈಟಿಯವರು ಒಂದೇ ವಾರಕ್ಕೆ ಬಾಗಿಲಿಗೆ ಬರುತ್ತಾರೆ.

ನಿಮ್ಮ ಈ ಸಲದ ಬೆಳೆಯನ್ನು ಹೊಟ್ಟು ತೆಗೆಸಲು ಕೊಟ್ಟಾಗಿದೆಯಾ ಇಲ್ವಾ ಅಂತ ಇವತ್ತೇ ಊರಿಗೆ ಫೋನ್ ಮಾಡಿ ಕೇಳಿ. ಕೊಟ್ಟಿಲ್ಲದಿದ್ದರೆ ಹಾಗೇ ಇರಲಿ ಅನ್ನಿ. ಕೊಟ್ಟಾಗಿದ್ದರೆ ಎಷ್ಟು ಕೆಜಿ, ತೇವ ಎಷ್ಟಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ಜೂನ್ ಮಳೆ ಹಿಡಿಯುವುದರೊಳಗೆ ಎಷ್ಟು ಹುರಿದು ಮುಗಿಸಬಹುದು, ಎಷ್ಟನ್ನು ಹಾಸನದಲ್ಲೇ ಬಿಗಿದು ಇಡಬೇಕು ಅಂತ ಕೂತು ಲೆಕ್ಕ ಹಾಕಿಕೊಡುತ್ತೇನೆ.